ಕೆನೆ ಬಣ್ಣದ ಪುಡಿ

ಜನವರಿ ೧೧

ಹಳೆಯ ಬಾಲ್ ಮಿಲ್ ಇವತ್ತು ಗುಜರಿಗೆ ಹೋಯಿತು. ಪೀಡೆ ತೊಲಗಿತು. ಒಳಗೆ ಉಕ್ಕಿನ ಗುಂಡುಗಳು ಉರುಳುತ್ತಾ ಕುಡಿಯುವ ನೀರಿನ ವಿಷ ತೆಗೆಯುವ ನಮ್ಮ ಪುಡಿಯನ್ನು ನೀರಿನೊಂದಿಗೆ ನುಣ್ಣಗೆ ಅರೆಯುತ್ತಿದ್ದ ಪೀಪಾಯಿ ಅದು. ಎಂಟು ವರ್ಷ ಅದರ ಗಡಗಡ ಕೇಳಿ ನನ್ನ ಎಡಗಿವಿ ಅರ್ಧ ಸತ್ತಿದೆ. ಮುಚ್ಚಳ ಸೋರದಿರಲಿ ಎಂದು ನಾನೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದೆ. ಗುಜರಿಯವನು ಆ ಟ್ಯೂಬನ್ನು ಕಿತ್ತು ನನ್ನ ಕೈಗೆ ಕೊಟ್ಟು, "ಇದು ಬೇಡ ಮೇಡಂ, ನೀವೇ ಇಟ್ಕೊಳ್ಳಿ" ಅಂದ. ದೊಡ್ಡ ಮನಸ್ಸು.

ಅದರ ಜಾಗಕ್ಕೆ ಹೊಸದು ಬಂದಿದೆ. ಪಿಂಗಾಣಿ ಜಾಡಿ, ಪಿಂಗಾಣಿ ಗುಂಡು, ಮುಂದೆ ಗಾಜಿನ ಬಾಗಿಲು. ಓಡುತ್ತಿದೆಯೋ ಇಲ್ಲವೋ ತಿಳಿಯಲು ಮೈಮೇಲೆ ಕೈಯಿಟ್ಟು ನೋಡಬೇಕು. ಗುಬ್ಬಿಗಂತೂ ಸ್ವರ್ಗಕ್ಕೆ ಮೂರೇ ಗೇಣು. ಈ ಹುಡುಗಿ ನನ್ನ ಕೈಕೆಳಗೆ ಸಂಶೋಧನೆಗೆ ಸೇರಿದಾಗ ಆ ಹೆಸರಿಟ್ಟವಳು ನಾನೇ. ತಿನ್ನುವುದು ಗುಬ್ಬಿಯಷ್ಟು, ಕೇಳುವ ಪ್ರಶ್ನೆ ಆನೆಯಷ್ಟು.

ಈ ಡೈರಿ ಅಕ್ಕ ಕೊಟ್ಟದ್ದು. ಶಾಲೆಯ ಯೂನಿಫಾರಂ ಹೊಲಿದು ಉಳಿದ ನೀಲಿ ಬಟ್ಟೆಯಲ್ಲಿ ಹೊದಿಕೆ ಹಾಕಿದ್ದಾಳೆ. "ಯಾರ ಹತ್ರಾನೂ ಹೇಳೋಕಾಗದ್ದನ್ನ ಇದ್ರಲ್ಲಿ ಬರ್ಕೋ. ಹೊಟ್ಟೇಲಿಟ್ಕೊಂಡ್ರೆ ಹುಣ್ಣಾಗುತ್ತೆ" ಅಂದಳು. ನನಗೆ ಅಂಥ ಗುಟ್ಟು ಏನಿದೆ? ಮೇಷ್ಟ್ರ ಮೇಲಿನ ಸಿಟ್ಟು ಬರೆಯಬಹುದು. ಅದಕ್ಕಾದರೆ ಒಂದು ವರ್ಷದ ಹಾಳೆ ಸಾಲದು.

ಜನವರಿ ೧೬

ಮೇಷ್ಟ್ರು ಕೋಣೆಗೆ ಕರೆದರು. ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಕರೆಯುವುದು ಹಾಗೆಯೇ. ಪಾಠ ಮಾಡುವುದನ್ನು ಅವರು ಯಾವಾಗ ಬಿಟ್ಟರೋ ಯಾರಿಗೂ ನೆನಪಿಲ್ಲ. ಜುಲೈ ಕೊನೆಗೆ ನಿವೃತ್ತಿ. ಅಷ್ಟರೊಳಗೆ ನನ್ನ ಪುಡಿ ಒಂದು ಊರಿನ ನೀರಿನ ಟ್ಯಾಂಕಿನ ಕೆಳಗೆ ಕೂರಬೇಕು, ಕಂಪನಿಯವರು ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಬೇಕು, ರಿಬ್ಬನ್ ಕತ್ತರಿಸಬೇಕು. ಇದಾದರೆ ನನ್ನ ಕೆಲಸವೂ ಕಾಯಂ. ಪ್ರತಿ ವರ್ಷ ಬದುಕನ್ನು ನವೀಕರಿಸಿಕೊಡಿ ಎಂದು ಅರ್ಜಿ ಹಾಕುವುದು ತಪ್ಪುತ್ತದೆ.

ಸಂತೋಷವಾಗಬೇಕಿತ್ತು. ಅಷ್ಟರಲ್ಲಿ ಮೇಷ್ಟ್ರು ವಾರ್ಷಿಕ ವರದಿ ತೆಗೆದು, ಕಳೆದ ವರ್ಷ ಕೈಕೊಟ್ಟ ಎರಡು ಫಲಿತಾಂಶಗಳ ಮೇಲೆ ಬೆರಳಿಟ್ಟರು.

"ಇವು ಯಾಕಮ್ಮ ಇಲ್ಲಿ?"

"ಬಂದಿದ್ದು ಹಾಗೇ ಸರ್."

"ಮದುವೆ ಫೋಟೋದಲ್ಲಿ ಕಣ್ಣು ಮುಚ್ಚಿರೋದನ್ನ ಯಾರಾದ್ರೂ ಆಲ್ಬಂಗೆ ಹಾಕ್ತಾರಾ?"

"ಅಲ್ಲಿರಲಿ ಸರ್. ಯಾಕೆ ಹಾಗಾಯ್ತು ಅಂತ ಆಮೇಲೆ ಗೊತ್ತಾಗುತ್ತೆ."

"ಸತ್ಯ ಎಲ್ಲಿಗೂ ಓಡಿಹೋಗಲ್ಲಮ್ಮ. ಗಡುವು ಓಡಿಹೋಗುತ್ತೆ," ಅಂದರು. ಇದನ್ನು ಅವರು ದಿನಕ್ಕೊಮ್ಮೆ ಹೇಳುತ್ತಾರೆ. ಅವರ ಬೀಳ್ಕೊಡುಗೆಗೆ ಇದನ್ನೇ ಕಲ್ಲಿನ ಮೇಲೆ ಕೆತ್ತಿಸಿ ಕೊಡಬೇಕು, ಮನೆಯ ಮುಂದೆ ಹಾಕಿಕೊಳ್ಳಲಿ.

ನಾನು ತೆಗೆಯಲಿಲ್ಲ. ಗೋಡೆಯ ಬಿಳಿ ಬೋರ್ಡಿನ ಮೇಲೂ ಅವೆರಡು ಹಾಗೇ ಇವೆ, ಕೆಂಪಿನಲ್ಲಿ. ಗೆದ್ದದ್ದು ನೀಲಿ, ಸೋತದ್ದು ಕೆಂಪು, ಬಾಗಿಲಿಗೆ ಬಂದವರಿಗೆಲ್ಲ ಕಾಣುವಂತೆ. ಗುಬ್ಬಿಗೆ ಮೊದಲ ದಿನ ಕಲಿಸಿದ್ದೇ ಅದು. ತಪ್ಪು ಮಾಡುವುದು ಒಬ್ಬರು, ಬೈಸಿಕೊಳ್ಳುವುದು ಇನ್ನೊಬ್ಬರು ಎಂಬುದು ಮೇಷ್ಟ್ರ ಕಾಲದ ಪದ್ಧತಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸುತ್ತದಲ್ಲ, ಹಾಗೆ. ನನ್ನ ಮೇಜಿನ ಹತ್ತಿರ ಅದು ನಡೆಯುವುದಿಲ್ಲ.

ಜನವರಿ ೨೫

ಅಕ್ಕನ ಊರಿಗೆ ಹೋಗಿ ಬಂದೆ. ಟ್ಯಾಂಕು ಬರುವುದು ಆ ಊರಿಗೇ. ಯಾರದೂ ಶಿಫಾರಸಲ್ಲ; ಮುಚ್ಚಿದ ಗಣಿಯ ಪಕ್ಕದ ಊರುಗಳಲ್ಲೆಲ್ಲ ಆರ್ಸೆನಿಕ್ ಅತಿ ಹೆಚ್ಚು ಇರುವುದು ಅಲ್ಲಿನ ಬೋರ್‌ವೆಲ್ ನೀರಿನಲ್ಲೇ.

ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ನೀರು ಕನ್ನಡಿಯಷ್ಟು ತಿಳಿಯಾಗಿದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಅಕ್ಕ ಆ ನೀರನ್ನು ಇಪ್ಪತ್ತು ವರ್ಷ ಕುಡಿದಿದ್ದಾಳೆ. ಈಗ ಅವಳ ಅಂಗೈ ತುಂಬ ಅಕ್ಕಿಕಾಳಿನಷ್ಟು ಗಟ್ಟಿ ಗಂಟುಗಳು. ಹೊಲಿಗೆ ಯಂತ್ರದ ಮೇಲೆ ರೇಷ್ಮೆ ಇಟ್ಟರೆ ಅಂಗೈಗೆ ಎಳೆ ಸಿಕ್ಕಿ ಬಟ್ಟೆ ಹಾಳಾಗುತ್ತದೆ. ಊರಿನ ಒಳ್ಳೆಯ ಕೆಲಸವೆಲ್ಲ ಬೇರೆಯವರ ಪಾಲಾಗಿ, ಇವಳಿಗೆ ಉಳಿದಿರುವುದು ಯೂನಿಫಾರಂ, ದಿಂಬಿನ ಚೀಲ.

"ನೋಡು, ಕೈಗೇ ಹಲ್ಲು ಬಂದಿದೆ," ಎಂದು ನಗುತ್ತಾಳೆ. "ನಿನ್ ಪುಡಿ ಬರಲಿ ಬಿಡು. ಆಮೇಲೆ ನಿನಗೊಂದು ರೇಷ್ಮೆ ರವಿಕೆ ಹೊಲಿದು ಕೊಡ್ತೀನಿ. ಊರವರ ಮುಂದೆ ಹಾಕ್ಕೊಂಡು ಬರ್ಬೇಕು."

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ. ಎಂಟು ವರ್ಷದ ದುಡಿಮೆಗೆ ಇನ್ನೇನು ಅರ್ಥ ಬೇಕು?

ಫೆಬ್ರವರಿ ೨

ಹೊಸ ಮಿಲ್ಲಿನ ಮೊದಲ ಪುಡಿ. ಬಿಳಿ! ಸುಣ್ಣದಷ್ಟು ಬಿಳಿ! ಇಷ್ಟು ದಿನ ನಮ್ಮದು ಕೆನೆ ಬಣ್ಣದ್ದು ಬರುತ್ತಿತ್ತು. ಇಷ್ಟು ಶುದ್ಧವಾದದ್ದನ್ನು ನಾನು ಎಂದೂ ಮಾಡಿರಲಿಲ್ಲ. ಗುಬ್ಬಿ ಅದನ್ನು ಗಾಜಿನ ತಟ್ಟೆಯಲ್ಲಿಟ್ಟುಕೊಂಡು ಕಾರಿಡಾರಿನಲ್ಲೆಲ್ಲ ಮೆರವಣಿಗೆ ಮಾಡಿದಳು.

ಮುಖ ಸಪ್ಪೆಯಾದದ್ದು ಲೆಕ್ಕದಣ್ಣನದು ಮಾತ್ರ. ಮಹಡಿಯ ಮೇಲಿನ ಭೌತಶಾಸ್ತ್ರಜ್ಞ, ವಸ್ತುವನ್ನು ಮುಟ್ಟದೆ ಕಂಪ್ಯೂಟರಿನಲ್ಲೇ ಅದರ ಜಾತಕ ಬರೆಯುವವನು. ನಮ್ಮ ಪುಡಿ ಯಾಕೆ ಕೆನೆ ಬಣ್ಣದ್ದು ಎಂಬುದಕ್ಕೆ ಅವನು ದೊಡ್ಡ ಸಿದ್ಧಾಂತವನ್ನೇ ಕಟ್ಟಿದ್ದ: ಹರಳಿನ ಪದರಗಳಲ್ಲಿ ಆಮ್ಲಜನಕ ಬಿಟ್ಟುಹೋದ ಜಾಗದಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಕೊಂಡಿವೆ, ಬಣ್ಣಕ್ಕೂ ಆರ್ಸೆನಿಕ್ ಹಿಡಿಯುವ ಶಕ್ತಿಗೂ ಅವೇ ಕಾರಣ. ನಮ್ಮಿಬ್ಬರ ಹೆಸರಿನಲ್ಲಿ ಪ್ರಕಟವಾದ ಆ ಪ್ರಬಂಧ ಓದಿ ಜನ ತಲೆದೂಗಿದ್ದರು.

"ಬಿಳಿ ಆಗೋಕೆ ಸಾಧ್ಯವೇ ಇಲ್ಲ," ಅಂದ.

"ಆಗಿದೆಯಲ್ಲ."

"ಹಾಗಾದ್ರೆ ಪುಡೀಲೇ ಏನೋ ತಪ್ಪಿದೆ," ಎಂದು ಹೇಳಿ ಮೆಟ್ಟಿಲು ಹತ್ತಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಫೆಬ್ರವರಿ ೭

ಅಕ್ಕನ ಊರಿನ ನೀರಿನಲ್ಲಿ ಬಿಳಿ ಪುಡಿಯನ್ನು ಪರೀಕ್ಷಿಸಿದೆವು. ಸ್ವಲ್ಪ ಹೊತ್ತು ಆರ್ಸೆನಿಕ್ ಹಿಡಿಯಿತು, ಆಮೇಲೆ ಹೊಟ್ಟೆ ತುಂಬಿದವರ ಹಾಗೆ ಕೂತುಬಿಟ್ಟಿತು. ಹಳೆಯದರ ಕಾಲು ಭಾಗವೂ ಇಲ್ಲ.

ತೂಕದಲ್ಲಿ ತಪ್ಪಾಗಿರಬೇಕು. ಬೋರ್ಡಿನ ಮೇಲೆ ಕೆಂಪು.

ಫೆಬ್ರವರಿ ೧೯

ಕೆಂಪು.

ಮಾರ್ಚ್ ೩

ಕೆಂಪು, ಕೆಂಪು, ಕೆಂಪು. ಕುಲುಮೆಯ ಶಾಖ ಬದಲಿಸಿದ್ದಾಯಿತು, ನೀರು ಬದಲಿಸಿದ್ದಾಯಿತು, ಲವಣದ ಬಾಟಲಿ ಹೊಸದು ತರಿಸಿದ್ದಾಯಿತು. ಶುದ್ಧ ಮಾಡಿದಷ್ಟೂ ಕೆಡುತ್ತಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಗುಬ್ಬಿಯ ಮೇಲೆ ಕೂಗಾಡಿದೆ. ತೂಕ ಮಾಡುವಾಗ ಕಿವಿಗೆ ಹಾಡು ಸಿಕ್ಕಿಸಿಕೊಂಡಿರುತ್ತೀಯ, ಗಮನವಿಲ್ಲ, ಶ್ರದ್ಧೆಯಿಲ್ಲ, ಅದೂ ಇದೂ. ಅವಳು ಕಿವಿಯಿಂದ ತಂತಿ ತೆಗೆದು ಡ್ರಾಯರಿನಲ್ಲಿಟ್ಟಳು. ಆ ತಂತಿಯಲ್ಲಿ ಹಾಡೇ ಇರಲಿಲ್ಲ. ಹಳೆಯ ಮಿಲ್ಲಿನ ಗಲಾಟೆಗೆಂದು ಹಾಕಿಕೊಂಡದ್ದು, ಅಭ್ಯಾಸಬಲದಿಂದ ಉಳಿದಿತ್ತು ಎಂದು ಆಮೇಲೆ ತಿಳಿಯಿತು. ನಾಚಿಕೆಯಾಯಿತು. ಸಂಜೆ ಚಹಾಕ್ಕೆ ಕರೆದುಕೊಂಡು ಹೋಗಿ ಸಾರಿ ಕೇಳಿದೆ.

ಮಾರ್ಚ್ ೧೨

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ದ್ರಾವಣ ಕದಡಲು ಬೀಕರಿನ ತಳದಲ್ಲಿ ಒಂದು ಅಯಸ್ಕಾಂತದ ಕಡ್ಡಿ ಗಿರಗಿರ ತಿರುಗುತ್ತದೆ. ಹಳೆಯ ಪುಡಿ ಹಾಕಿದಾಗಲೆಲ್ಲ ಆ ಕಡ್ಡಿಗೆ ಕಪ್ಪನೆಯ ಪುಟ್ಟ ಗಡ್ಡ ಬೆಳೆಯುತ್ತಿತ್ತು. 'ಮೇಷ್ಟ್ರ ಗಡ್ಡ' ಎಂದು ನಗುತ್ತಿದ್ದೆವು. ಪ್ರತಿ ಸಲ ಟಿಶ್ಯೂ ಪೇಪರಿನಲ್ಲಿ ಒರೆಸಿ ಬುಟ್ಟಿಗೆ ಎಸೆಯುತ್ತಿದ್ದೆವು. ಎಂಟು ವರ್ಷ.

ಇವತ್ತು ಗುಬ್ಬಿ ಕಡ್ಡಿಯನ್ನು ಬೆಳಕಿಗೆ ಹಿಡಿದು ಕೇಳಿದಳು: "ಮೇಡಂ, ಈಚೆಗೆ ಗಡ್ಡ ಯಾಕೆ ಬರ್ತಿಲ್ಲ?"

"ಮಿಲ್ ಹೊಸದಲ್ವಾ, ಕ್ಲೀನಾಗಿದೆ," ಅಂದೆ.

ನನ್ನ ಮಾತು ನನ್ನದೇ ಕಿವಿಗೆ ಬಿತ್ತು. ಪಿಪೆಟ್ ಕೆಳಗಿಟ್ಟೆ. ಗುಬ್ಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಹೊಳೆದಿತ್ತು, ನನಗಿಂತ ಮೊದಲೇ ಹೊಳೆದು ನಾನು ಹೇಳಲಿ ಎಂದು ಕಾದಿದ್ದಳು ಅನ್ನಿಸುತ್ತದೆ.

ಕಬ್ಬಿಣ. ಆ ದರಿದ್ರ ಮಿಲ್ಲಿನ ಉಕ್ಕಿನ ಗುಂಡುಗಳು ಉರುಳಿ ಉರುಳಿ ಸವೆದು, ಆ ಚೂರು ನೀರಿನಲ್ಲಿ ತುಕ್ಕು ಹಿಡಿದು, ಪುಡಿಯ ಮೈಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಕೆನೆ ಬಣ್ಣ ಅದರದು. ಎಲೆಕ್ಟ್ರಾನೂ ಇಲ್ಲ, ಖಾಲಿ ಜಾಗವೂ ಇಲ್ಲ. ಇಷ್ಟು ಪರೀಕ್ಷೆ ಮಾಡಿದೆವಲ್ಲ, ಯಾಕೆ ಸಿಗಲಿಲ್ಲ? ನಾವು ಹಾಕಿದ್ದನ್ನಷ್ಟೇ ಹುಡುಕಿದೆವು. ಹಾಕದ್ದನ್ನು ಯಾರು ಹುಡುಕುತ್ತಾರೆ?

ಗುಬ್ಬಿ ಕಾರ್ಪೆಂಟರ್ ಕೋಣೆಯಿಂದ ತುಕ್ಕು ಮೊಳೆ ತಂದು, ಕೆರೆದು, ಬರೀ ತುಕ್ಕನ್ನೇ ಅಕ್ಕನ ಊರಿನ ನೀರಿಗೆ ಹಾಕಿದಳು. ಊಟ ಮುಗಿಸಿ ಬಂದು ಅಳೆದೆವು. ಆರ್ಸೆನಿಕ್ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ತುಕ್ಕು ಆರ್ಸೆನಿಕ್ ಹಿಡಿಯುತ್ತದೆ ಎಂಬುದು ಹೊಸದೇನೂ ಅಲ್ಲ, ಪಠ್ಯಪುಸ್ತಕದಲ್ಲೇ ಇದೆ. ನಾನೇ ಪಾಠ ಮಾಡಿದ್ದೇನೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದುಬಾರಿ ಲೋಹ, ಪದರ ಪದರದ ಹರಳು, ಪ್ರಬಂಧ, ಭಾಷಣ, ಚಪ್ಪಾಳೆ, ಎಲ್ಲದರ ಕೆಳಗೆ ಕೆಲಸ ಮಾಡುತ್ತಿದ್ದದ್ದು ಮೊಳೆಯ ತುಕ್ಕು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾಳೆಯೇ ಮೇಷ್ಟ್ರಿಗೆ ಹೇಳಬೇಕು. ಲೆಕ್ಕದಣ್ಣನಿಗೂ. ಪ್ರಬಂಧ ವಾಪಸು ಪಡೆಯಬೇಕು. ಎಷ್ಟೇ ಕಷ್ಟವಾದರೂ ಹೇಳಬೇಕು. ಹೇಳದಿದ್ದರೆ ನನಗೂ ಮೇಷ್ಟ್ರಿಗೂ ಏನು ವ್ಯತ್ಯಾಸ?

ಮಾರ್ಚ್ ೧೪

ಮೇಷ್ಟ್ರ ಕೋಣೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ, "ಬಾಮ್ಮ ಬಾ, ನಿನಗೆ ನೂರು ವರ್ಷ ಆಯಸ್ಸು" ಅಂದರು. ಆಗಷ್ಟೇ ಆಯ್ಕೆ ಸಮಿತಿಯವರ ಹತ್ತಿರ ನನ್ನ ಬಗ್ಗೆ ಮಾತಾಡಿ ಫೋನ್ ಇಟ್ಟಿದ್ದರಂತೆ. ಈ ಕೋಣೆ, ಈ ಕುರ್ಚಿ ನನ್ನ ನಂತರ ನಿನ್ನದೇ ಎಂದರು. ಕಪಾಟಿನಲ್ಲಿನ ಪುಸ್ತಕಗಳಲ್ಲಿ ಯಾವುದನ್ನು ಬಿಟ್ಟುಹೋಗಲಿ ಎಂದು ಕೇಳಿದರು. ಚಹಾ ತರಿಸಿದರು.

ಆ ಖುಷಿಯಲ್ಲಿ ಮುದುಕರಿಗೆ ಏನು ಹೇಳುವುದು? ಒಂದೇ ಪರೀಕ್ಷೆ ನಂಬಿ ಬೊಬ್ಬೆ ಹೊಡೆಯುವುದು ವಿಜ್ಞಾನವಲ್ಲ. ಇನ್ನೊಂದೆರಡು ಸಲ ಮಾಡಿ ಖಚಿತಪಡಿಸಿಕೊಂಡು ಹೇಳುತ್ತೇನೆ.

ಮಾರ್ಚ್ ೩೦

ಖಚಿತವೇ.

ಆದರೆ ಇನ್ನೊಂದು ವಿಷಯವೂ ಖಚಿತವಾಯಿತು. ಲೇತ್ ಅಂಗಡಿಯಲ್ಲಿ ಉಕ್ಕಿನ ಜಾಡಿ ಮಾಡಿಸಿ, ಬೇರಿಂಗ್ ಅಂಗಡಿಯಿಂದ ಗುಂಡು ತಂದು ಅರೆದರೆ ಪುಡಿ ಮತ್ತೆ ಕೆನೆ ಬಣ್ಣಕ್ಕೆ ಬರುತ್ತದೆ, ಮತ್ತೆ ಮೊದಲಿನ ಹಾಗೆಯೇ ಕೆಲಸ ಮಾಡುತ್ತದೆ. ಅಂದರೆ ನನ್ನ ವಿಧಾನದಲ್ಲಿ ತಪ್ಪೇನಿಲ್ಲ. ಉಕ್ಕಿನ ಗುಂಡಿನಲ್ಲಿ ಅರೆಯಬೇಕು ಎಂಬುದು ವಿಧಾನದ ಒಂದು ಭಾಗ, ಅಷ್ಟೆ. ಪ್ರಬಂಧದಲ್ಲೂ ಉಕ್ಕಿನ ಗುಂಡು ಎಂದೇ ಬರೆದಿದ್ದೇವೆ. ಸುಳ್ಳು ಎಲ್ಲಿದೆ?

ಬೋರ್ಡಿನ ಮೇಲೆ ಜಾಗವೇ ಉಳಿದಿರಲಿಲ್ಲ. ಒರೆಸಿ ಹೊಸದಾಗಿ ನೀಲಿಯಲ್ಲಿ ಬರೆದೆ. ಕೋಣೆಯೇ ಬೆಳ್ಳಗಾದ ಹಾಗಾಯಿತು.

ಏಪ್ರಿಲ್ ೯

ಗುಬ್ಬಿ ಇವತ್ತು ಊಟದ ಡಬ್ಬಿ ಮುಚ್ಚಿಟ್ಟು, ಎದುರಿನ ಸ್ಟೂಲಿನ ಮೇಲೆ ಕೂತಳು.

"ಮೇಡಂ, ಒಂದು ಬಕೆಟ್, ಒಂದಿಷ್ಟು ಮೊಳೆ, ಮರಳು. ಮನೆಮನೇಲೂ ಮಾಡ್ಕೋಬಹುದು. ಟ್ಯಾಂಕ್ ಬರೋವರೆಗೂ ಕಾಯೋದೇ ಬೇಡ. ನಾವೇ ಆ ಊರಿಗೆ ಹೋಗಿ ತೋರಿಸಿಕೊಟ್ರೆ?"

"ಕಂಪನಿಯವರಿಗೆ ಏನು ಹೇಳೋಣ?"

"ಇದ್ದದ್ದನ್ನ ಹೇಳೋಣ."

ಎಷ್ಟು ಸುಲಭವಾಗಿ ಹೇಳಿದಳು! ಇವಳಿಗಿನ್ನೂ ಇಪ್ಪತ್ತಾರು. ನಾಳೆ ಬೇರೆ ವಿಷಯ ಹಿಡಿದರೆ ಆಯಿತು. ನನಗೆ ನಲವತ್ತೊಂದು. ನನ್ನ ಬಳಿ ಇರುವುದು ಇದೊಂದೇ ಪುಡಿ. ಮನೆ, ಮದುವೆ, ಮಕ್ಕಳು ಎಂದವರಿಗೆಲ್ಲ ಈ ಪುಡಿಯನ್ನೇ ತೋರಿಸಿ ಬಾಯಿ ಮುಚ್ಚಿಸಿದವಳು ನಾನು. ಇದೂ ತುಕ್ಕು ಎಂದಾದರೆ ಏನು ತೋರಿಸಲಿ?

"ಬಕೆಟ್ಟನ್ನ ಯಾರು ನೋಡ್ಕೋತಾರೆ? ಮೊಳೆ ಯಾವಾಗ ಬದಲಾಯಿಸಬೇಕು ಅಂತ ಯಾರು ಹೇಳ್ತಾರೆ? ಟ್ಯಾಂಕ್ ಅಂದ್ರೆ ಒಂದು ವ್ಯವಸ್ಥೆ," ಅಂದೆ. ಇದರಲ್ಲಿ ನಿಜವೂ ಇದೆ. "ಮೊದಲು ಟ್ಯಾಂಕ್ ನಿಲ್ಲಲಿ. ಆಮೇಲೆ ಎಲ್ಲಾ ಬರೆಯೋಣ. ಸತ್ಯ ಎಲ್ಲಿಗೂ ಓಡಿಹೋಗಲ್ಲ ಗುಬ್ಬಿ, ಗಡುವು ಓಡಿಹೋಗುತ್ತೆ."

ಹುಡುಗಿ ನನ್ನನ್ನು ಒಂಥರಾ ನೋಡಿದಳು. ಈ ಕಾಲದ ಮಕ್ಕಳಿಗೆ ಹಿರಿಯರೆಂದರೆ ಗೌರವವೇ ಇಲ್ಲ.

ಏಪ್ರಿಲ್ ೨೪

ಕಂಪನಿಯ ಎಂಜಿನಿಯರ್ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಅವರ ಕಾರ್ಖಾನೆಯ ಮಿಲ್ಲು ಪಿಂಗಾಣಿಯದು ಅಂದರು. "ಉಕ್ಕಿನ ಗುಂಡೇ ಆಗ್ಬೇಕು, ನಮ್ಮ ವಿಧಾನ ಅದು," ಎಂದು ಪಟ್ಟು ಹಿಡಿದೆ.

"ಯಾಕೆ ಅಂತ ಕೇಳಬಹುದಾ ಮೇಡಂ?"

"ಉಕ್ಕು ತೂಕ ಜಾಸ್ತಿ. ಅರೆಯೋದು ನುಣ್ಣಗಾಗುತ್ತೆ."

"ಸರಿ ಹಾಗಾದ್ರೆ. ನಾವು ಸಾದಾ ಉಕ್ಕು ಹಾಕಲ್ಲ ಮೇಡಂ, ಅತ್ಯುತ್ತಮ ಸ್ಟೇನ್‌ಲೆಸ್ ಹಾಕ್ತೀವಿ. ವರ್ಷಗಟ್ಟಲೆ ಉರುಳಿದ್ರೂ ಒಂದು ಚೂರು ಸವೆಯಲ್ಲ, ತುಕ್ಕಂತೂ ಹತ್ರಾನೇ ಸುಳಿಯಲ್ಲ. ನಿಮ್ಮ ಪುಡಿಗೆ ಒಂದು ಕಣ ಕೊಳೆ ಸೇರಿದ್ರೆ ನನ್ನ ಕೇಳಿ."

ಹೆಮ್ಮೆಯಿಂದ ನಕ್ಕರು. ನಾನೂ ನಕ್ಕೆ. ಸ್ವಾಮಿ, ಸವೆಯುವ ಗುಂಡು ಹಾಕಿ, ತುಕ್ಕು ಹಿಡಿಯುವಂಥದ್ದನ್ನು ಹಾಕಿ ಎಂದು ಯಾವ ಬಾಯಲ್ಲಿ ಹೇಳಲಿ? ಅತ್ತ ದರಿ, ಇತ್ತ ಪುಲಿ. ಮೇಷ್ಟ್ರು ಪಕ್ಕದಲ್ಲೇ ಕೂತು, "ನೋಡಿದೆಯಾ, ಎಷ್ಟು ಶ್ರದ್ಧೆ" ಎಂದು ತಲೆಯಾಡಿಸುತ್ತಿದ್ದರು.

ಸ್ಟೇನ್‌ಲೆಸ್ಸೂ ಸ್ವಲ್ಪವಾದರೂ ಸವೆಯಲೇಬೇಕು. ಕೊನೆಗೆ ಅದೂ ಲೋಹವೇ.

ಮೇ ೬

ಗುಬ್ಬಿ ನನ್ನನ್ನು ದಾಟಿ ಮೇಷ್ಟ್ರ ಹತ್ತಿರ ಹೋಗಿದ್ದಳು. ಅವರು ಅಲ್ಲಿ ಕೇಳಿಸಿಕೊಂಡು ಇಲ್ಲಿ ನನ್ನನ್ನು ಕರೆದರು.

"ಹುಡುಗಿ ಏನೋ ತುಕ್ಕು, ಮೊಳೆ, ಗಡ್ಡ ಅಂತಾಳೆ. ಏನಮ್ಮ ಅದು?"

ಒಂದು ಗಳಿಗೆ ಅವರ ಕಣ್ಣು ನೋಡಿದೆ. ಅವರಿಗೆ ಪೂರ್ತಿ ಅರ್ಥವಾಗಿತ್ತು. ನಾನು ಏನು ಹೇಳಿದರೆ ಅವರಿಗೆ ಅನುಕೂಲ ಎಂಬುದೂ ಆ ಕಣ್ಣಿನಲ್ಲಿತ್ತು.

"ಫೆಬ್ರವರೀಲಿ ಅವಳ ತೂಕ ಎಲ್ಲಾ ತಪ್ಪಾಗಿತ್ತು ಸರ್. ನಾನು ಬೈದೆ. ಅದಕ್ಕೆ ಹಾಗಂತಿರಬಹುದು."

"ಓ, ಹಾಗಾ," ಅಂದರು. "ಪಕ್ಕದ ವಿಭಾಗದಲ್ಲಿ ಬ್ಯಾಟರಿ ಕೆಲಸಕ್ಕೆ ಜನ ಬೇಕಂತಿದ್ರು. ಅಲ್ಲಿಗೆ ಹೋಗಲಿ. ನೀನೊಂದು ಪತ್ರ ಕೊಡು."

ಕೊಟ್ಟೆ. ಬುದ್ಧಿವಂತೆ, ಕಷ್ಟಪಟ್ಟು ದುಡಿಯುತ್ತಾಳೆ, ತೀರ್ಮಾನಕ್ಕೆ ಬರುವುದರಲ್ಲಿ ಮಾತ್ರ ಸ್ವಲ್ಪ ಅವಸರ. ಅನ್ಯಾಯವೇನೂ ಬರೆದಿಲ್ಲ, ಅವಸರ ಅವಳಿಗೆ ಇದ್ದೇ ಇದೆ.

ಸಂಜೆ ಸಾಮಾನು ಕಟ್ಟಿಕೊಂಡಳು. ಬಾಗಿಲಲ್ಲಿ ನಿಂತು ಬೋರ್ಡನ್ನು ನೋಡಿದಳು, ಮೇಲಿಂದ ಕೆಳಗೆ ನೀಲಿ. "ಕೆಂಪು ಪೆನ್ನು ಡ್ರಾಯರಲ್ಲಿದೆ ಮೇಡಂ. ಇಂಕು ಒಣಗಿದೆ, ಮುಚ್ಚಳ ತೆಗೆದಿಟ್ಟಿದ್ರಿ," ಅಂದಳು. ಹೋದಳು.

ಅಷ್ಟು ಸೊಕ್ಕು ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ.

ಮೇ ೩೧

ಕಾಯಂ ಆದೇಶ ಬಂತು. ಅಕ್ಕನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಅಳು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಜೂನ್ ೧೫

ಭಾನುವಾರ. ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ದೊಡ್ಡ ಬಕೆಟ್ಟಿನ ತಳದಲ್ಲಿ ನಲ್ಲಿ ಕೂರಿಸಿ, ತೊಳೆದ ಮರಳು, ಮೇಲೆ ಮೊಳೆ, ಮತ್ತೆ ಮರಳು, ಅದರ ಮೇಲೆ ಹತ್ತಿಯ ಬಟ್ಟೆ. ಮೊಳೆಗೆ ಉಪ್ಪುನೀರು ಚಿಮುಕಿಸಿ ಮೊದಲೇ ಚೆನ್ನಾಗಿ ತುಕ್ಕು ಹಿಡಿಸಿದ್ದೆ. ಆ ಊರಿನ ನೀರು ಹಾಕಿ ಅಳೆದು ನೋಡಿದೆ. ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಎಂಟು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಸಾಧನ ಇದೇ ಇರಬೇಕು, ಯಾರಿಗೂ ತೋರಿಸುವ ಹಾಗಿಲ್ಲ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ. ಅಕ್ಕ ಮುಚ್ಚಳ ತೆಗೆದು ಮೂಗು ಮುರಿದಳು.

"ಥೂ, ಇದೇನೇ ಇದು? ಗುಜರಿ ಅಂಗಡಿ ನೀರು!"

"ಸುಮ್ನೆ ಕುಡಿ ಅಕ್ಕ. ಕುಡಿಯೋಕೆ, ಅಡುಗೆಗೆ ಇದೇ ನೀರು."

"ಮುಂದಿನ ತಿಂಗಳು ಟ್ಯಾಂಕ್ ಬರುತ್ತಲ್ಲ?"

"ಬಂದ್ಮೇಲೂ ಇದನ್ನೇ ಕುಡಿ. ಟ್ಯಾಂಕಿನ ನೀರು ಪಾತ್ರೆ ತೊಳೆಯೋಕಿಟ್ಕೋ."

"ಯಾಕೆ?"

"ನಿನ್ನ ಕೈಗೆ ಇದು ಇನ್ನೂ ಒಳ್ಳೇದು. ಮನೆಯವರಿಗೆ ಅಂತ ಸ್ಪೆಷಲ್ಲು," ಅಂದೆ.

ನಕ್ಕಳು. ಅಕ್ಕನಿಗೆ ಸ್ಪೆಷಲ್ ಅಂದರೆ ಸಾಕು. ಬರುವಾಗ ಮನಸ್ಸು ಹಗುರವಾಗಿತ್ತು. ಈಗ ಏನಾದರೂ ಆಗಲಿ, ಅಕ್ಕನ ಕೈ ಸುರಕ್ಷಿತ.

ಜುಲೈ ೮

ಉದ್ಘಾಟನೆ. ಶಾಮಿಯಾನ, ಮೈಕು, ಕೆಂಪು ರಿಬ್ಬನ್. ಮೇಷ್ಟ್ರು ಮುಕ್ಕಾಲು ಗಂಟೆ ಭಾಷಣ ಮಾಡಿ ನನ್ನ ಹೆಸರನ್ನು ಒಂದೇ ಸಲ ಹೇಳಿದರು, ಅದೂ ಕೊನೆಗೆ. ಲೆಕ್ಕದಣ್ಣ ಮುಂದಿನ ಸಾಲಿನಲ್ಲಿ ಕೂತು ಎಲೆಕ್ಟ್ರಾನಿನ ಕಥೆಯನ್ನು ಪತ್ರಕರ್ತರಿಗೆ ಬಿಡಿಸಿ ಹೇಳುತ್ತಿದ್ದ.

ಟ್ಯಾಂಕಿನ ಪಕ್ಕದ ಶೆಡ್ಡಿಗೆ ನಾನೊಬ್ಬಳೇ ಹೋದೆ. ಒಂದು ಚೀಲ ಬಾಯಿ ಬಿಚ್ಚಿತ್ತು. ಕೈ ಹಾಕಿ ಒಂದು ಹಿಡಿ ತೆಗೆದೆ. ಬಿಳಿ. ಫೆಬ್ರವರಿಯಲ್ಲಿ ಗುಬ್ಬಿ ಮೆರೆಸಿದ್ದಳಲ್ಲ, ಅದೇ ಬಿಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮ ಹೇಳುತ್ತಿದ್ದಳು. "ಹೇಗಿದೆ ಮೇಡಂ ಕ್ವಾಲಿಟಿ?" ಎಂದು ಹಿಂದಿನಿಂದ ಎಂಜಿನಿಯರ್ ಕೇಳಿದರು. ಚೆನ್ನಾಗಿದೆ ಅಂದೆ. ಪುಡಿಯನ್ನು ಚೀಲಕ್ಕೆ ವಾಪಸು ಸುರಿದು ಕೈ ಒರೆಸಿಕೊಂಡೆ.

ಎಲ್ಲರೆದುರು ನೀರು ಪರೀಕ್ಷಿಸಿದರು, ಪಾಸಾಯಿತು. ಆಗಲೇಬೇಕು, ಹೊಸದರಲ್ಲಿ ಬಿಳಿಯದೂ ಹಿಡಿಯುತ್ತದೆ, ಹೊಟ್ಟೆ ತುಂಬುವವರೆಗೆ. ಕೆಲವು ವಾರ. ಮುಂದಿನ ಪರೀಕ್ಷೆ ಒಪ್ಪಂದದ ಪ್ರಕಾರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನಾನು ಏನಾದರೂ ನೆಪ ಹೇಳಿ ಗುಂಡು ಬದಲಾಯಿಸಬಹುದು. ಬದಲಾಯಿಸುತ್ತೇನೆ.

ಅಕ್ಕ ಜನರ ಮಧ್ಯೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು. ಆ ಗಂಟುಗೈಯ ಸದ್ದೇ ಬೇರೆ.

ಜುಲೈ ೩೦

ಮೇಷ್ಟ್ರ ಕೋಣೆಗೆ ನನ್ನ ಸಾಮಾನು ಸಾಗಿಸಿದ್ದಾಯಿತು. ಕಿಟಕಿ ದೊಡ್ಡದು, ಬೆಳಕು ಚೆನ್ನಾಗಿದೆ. ಕೆಳಗೆ ಬ್ಯಾಟರಿ ವಿಭಾಗದ ಅಂಗಳದಲ್ಲಿ ಗುಬ್ಬಿ ಯಾರೊಂದಿಗೋ ನಗುತ್ತಾ ಹೋಗುವುದು ಕಾಣಿಸಿತು. ತಲೆ ಎತ್ತಿ ನೋಡಲಿಲ್ಲ.

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಹಿಂದೆ ಹೊಲಿಗೆ ಯಂತ್ರದ ಸದ್ದು, ಯಾರೋ ಹೆಂಗಸರ ಮಾತು. ಹೇಗಿದ್ದೀಯ, ಊಟ ಆಯಿತಾ ಎಲ್ಲ ಮುಗಿದ ಮೇಲೆ ಬಕೆಟ್ಟಿನ ಮೊಳೆ ಬದಲಾಯಿಸುವ ಸಮಯವಾಯಿತು, ಬಂದು ಮಾಡಿಕೊಡುತ್ತೇನೆ ಅಂದೆ.

"ಯಾವ್ ಬಕೆಟ್ಟು? ಅಯ್ಯೋ, ಅದಾ! ಅದನ್ನ ರಿಬ್ಬನ್ ಕತ್ತರಿಸಿದ ಮಾರನೇ ದಿನಾನೇ ಖಾಲಿ ಮಾಡ್ದೆ ಕಣೇ. ಈಗ ಅದ್ರಲ್ಲಿ ಮೆಣಸಿನ ಗಿಡ ಹಾಕಿದೀನಿ."

"ಯಾಕಕ್ಕ?"

"ಮತ್ತೆ? ಟ್ಯಾಂಕಿನ ನೀರು ಕುಡಿಯೋಕೆ ಇಲ್ಲಿ ಒಬ್ರೂ ಮುಂದೆ ಬರ್ಲಿಲ್ಲ. ಪುಡಿ ಹಾಕಿದಾರಂತೆ, ಏನಾಗುತ್ತೋ ಅಂತ. ಆಮೇಲೆ ಆ ಮೂಲೆ ಮನೆಯವಳು, 'ತಂಗಿ ಮಾಡಿದ ನೀರನ್ನ ಅಕ್ಕನೇ ಕುಡಿಯಲ್ಲ, ಮನೇಲಿ ಬೇರೆ ಬಕೆಟ್ ಇಟ್ಕೊಂಡಿದಾಳೆ' ಅಂದ್ಬಿಟ್ಳು. ನನಗೆ ಕೋಪ ಬರಲ್ವಾ? ನಲ್ಲಿ ಹತ್ರ ಹೋಗಿ ಎಲ್ಲರೆದುರಿಗೆ ಒಂದು ಚೊಂಬು ಗಟಗಟ ಕುಡಿದು ತೋರಿಸ್ದೆ. ಆಮೇಲೇ ಎಲ್ಲಾರೂ ಕೊಡ ತಂದ್ರು. ಈಗ ಊರಿಗೆ ಊರೇ ಅದನ್ನೇ ಕುಡಿಯೋದು. ಬಾಣಂತಿಯರಿಗೂ ಅದೇ."

ಮೇಜಿನ ಅಂಚು ಹಿಡಿದುಕೊಂಡೆ.

"ಕೇಳಿಸ್ತಿದೆಯಾ? ಕೈ ಯಾವಾಗ ಮೆತ್ತಗಾಗುತ್ತೆ ಹೇಳು. ಇವರೆಲ್ಲ ಕೇಳ್ತಿದಾರೆ. ರೇಷ್ಮೆ ಬಟ್ಟೆ ತಂದಿಟ್ಟಿದೀನಿ, ನಿನ್ನ ರವಿಕೆಗೆ. ಕೈ ಸರಿಹೋದ ದಿನಾನೇ ಕತ್ತರಿ ಹಾಕೋದು."

ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಫೋನನ್ನು ಜೋರು ಮಾಡಿ ಮಧ್ಯದಲ್ಲಿಟ್ಟಿದ್ದಳು. ಹೆಂಗಸರೆಲ್ಲ ಮಾತು ನಿಲ್ಲಿಸಿ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಬಾಗಿಲಲ್ಲಿ ಪೇಂಟರ್ ನನ್ನ ಹೆಸರಿನ ಹಲಗೆ ಹಿಡಿದು ನಿಂತು, ಮೊಳೆ ಎಲ್ಲಿ ಹೊಡೆಯಲಿ ಎಂದು ಸನ್ನೆ ಮಾಡುತ್ತಿದ್ದ.

"ನಿಧಾನಕ್ಕೆ ಆಗುತ್ತೆ ಅಕ್ಕ," ಅಂದೆ. "ಕುಡೀತಾ ಇರಿ."

ಅವಳಿಗೆ ನಾಳೆ ಒಬ್ಬಳೇ ಇರುವಾಗ ಫೋನ್ ಮಾಡಿ ಹೇಳಬೇಕು. ನಾಳೆ ಮೇಷ್ಟ್ರ ಬೀಳ್ಕೊಡುಗೆ, ಬಿಡುವಾಗುವುದಿಲ್ಲ. ನಾಡಿದ್ದು ಹೇಳುತ್ತೇನೆ. ಸತ್ಯ ಎಲ್ಲಿಗೂ ಓಡಿಹೋಗುವುದಿಲ್ಲ.